ಮಂಚಮೀಮಾಂಸೆ: ಅಮೀರ್‌ಪೇಟ್ ಸೀಮೆಯಲ್ಲಿ ಅವಿಭಕ್ತ ಕುಟುಂಬದ ದೀರ್ಘರಜಾ ವಸತಿ

ಶಾಸ್ತ್ರಗ್ರಂಥಕ್ಕೆ ಕೈಹಾಕುವವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಿ ಮುಗಿಸಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ, ದೀರ್ಘ ರಜೆಗೆ ಹೊರಟ ದೊಡ್ಡ ಕುಟುಂಬ ಒಂದೇ ಸೂರಿನಡಿ ಕಾಲು ಚಾಚಿ ಮಲಗಬಹುದಾದ ಜಾಗ. ಪ್ರಯೋಜನ, ಸೊಂಟನೋವಿನ ನಿವಾರಣೆ. ಸಂಬಂಧ, ತಂದೆಯ ಕಡೆಯದೂ ಹೌದು, ತಾಯಿಯ ಕಡೆಯದೂ ಹೌದು; ತೊಂದರೆ ಶುರುವಾಗುವುದೇ ಅಲ್ಲಿಂದ. ಇನ್ನು ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು ಯಾರೆಂದರೆ, ಹೋಟೆಲಿನ ಕೌಂಟರಿನ ಮುಂದೆ ನಿಂತಾಗ ‘ಒಟ್ಟು ಎಷ್ಟು ಜನ ಸರ್?’ ಎಂದು ಕೇಳಿಸಿಕೊಂಡು, ಉತ್ತರ ಹೇಳುವ ಮೊದಲು ಹಿಂದಕ್ಕೆ ತಿರುಗಿ ಒಂದು ಸಲ ಎಣಿಸಿ ನೋಡಿದವನು.

ಕ್ಷೇತ್ರಾಧ್ಯಯನಕ್ಕೆ ಗೋವೆಯನ್ನೋ ಕೊಡಗನ್ನೋ ಬಿಟ್ಟು ಹೈದರಾಬಾದಿನ ಅಮೀರ್‌ಪೇಟ್‌ಗೇ ಯಾಕೆ ಬಂದಿರಿ ಎಂಬ ಆಕ್ಷೇಪವಿದೆ. ನಮ್ಮ ಮಾದರಿ ಕುಟುಂಬದಲ್ಲಿ ಕಲಬುರಗಿ ಶಾಖೆ, ಬೀದರ್ ಶಾಖೆ, ಬೆಂಗಳೂರು ಶಾಖೆಗಳಿವೆ. ಬಳ್ಳಾರಿಯ ಸೋದರತ್ತೆ ಇದ್ದಾರೆ, ಕುಂಬಳೆಯಲ್ಲಿ ನೆಲೆನಿಂತ ಚಿಕ್ಕಪ್ಪ ಇದ್ದಾರೆ. ಇವರೆಲ್ಲರಿಗೂ ಇಷ್ಟವಾಗುವ ಊರು ಭೂಮಿಯ ಮೇಲಿಲ್ಲ. ಆದ್ದರಿಂದ ಯಾರಿಗೂ ವಿಶೇಷವಾಗಿ ಇಷ್ಟವಾಗದ ಊರನ್ನು ಹುಡುಕುವುದೇ ನ್ಯಾಯ. ಕುಟುಂಬದ ಕಿರಿಯ ಕುಡಿ ಮೈತ್ರಿವನಂ ಹತ್ತಿರದ ಗಲ್ಲಿಯೊಂದರಲ್ಲಿ ಜಾವಾ ಕಲಿಯುತ್ತ, ಫೈವ್ ಶೇರಿಂಗ್ ಕೋಣೆಯ ಐದನೇ ಒಂದು ಭಾಗದಲ್ಲಿ ವಾಸವಾಗಿದ್ದಾನೆ. ‘ದಸರಾ ಸೂಟಿ ಪೂರಾ ಅಲ್ಲೇ ಇರೂಣು, ಹುಡುಗನ್ನೂ ನೋಡಿದಂಗಾತು’ ಎಂದು ಕಲಬುರಗಿಯ ದೊಡ್ಡಪ್ಪ ತೀರ್ಪಿತ್ತರು. ಮೆಟ್ರೊದ ಕೆಂಪು ಮಾರ್ಗವೂ ನೀಲಿ ಮಾರ್ಗವೂ ಕೂಡುವುದು ಅಮೀರ್‌ಪೇಟ್‌ನಲ್ಲೇ. ನೀಲಿ ಮಾರ್ಗದ ಕೊನೆಯ ನಿಲ್ದಾಣ ರಾಯದುರ್ಗಂ ಎಂದು ಕೇಳಿದ್ದೇ ತಡ, ಬಳ್ಳಾರಿಯ ಅತ್ತೆ ಅದು ತಮ್ಮ ತವರು ರಾಯದುರ್ಗವೇ ಇರಬೇಕೆಂದುಕೊಂಡು ಒಪ್ಪಿಬಿಟ್ಟರು. ಅವರ ಭ್ರಮೆಯನ್ನು ಯಾರೂ ಕಳೆಯಲಿಲ್ಲ. ದೊಡ್ಡ ಕುಟುಂಬದಲ್ಲಿ ಒಮ್ಮತ ಸಿಕ್ಕಿದಾಗ ಅದರ ಬುಡ ಕೆದಕಬಾರದು.

ಇತಿಹಾಸದ ಒಂದೆರಡು ಮಾತು. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ಸೀಮೆಯ ಹಿರಿಯರ ಮನಸ್ಸಿನಲ್ಲಿ ಹೈದರಾಬಾದ್ ಇವತ್ತಿಗೂ ಪ್ರವಾಸಿ ತಾಣವಲ್ಲ, ಯಾವುದೋ ಕಾಗದಕ್ಕೆ ಸಹಿ ಬಾಕಿಯಿರುವ ಊರು. ಆ ರಾಜ್ಯವಿದ್ದ ಕಾಲದಲ್ಲಿ ವಸತಿ ಎಂಬುದು ಸಮಸ್ಯೆಯೇ ಆಗಿರಲಿಲ್ಲ. ಕಾಚಿಗುಡದಲ್ಲಿ ಕನ್ನಡದವರಿದ್ದರು, ಕರ್ನಾಟಕ ಸಾಹಿತ್ಯ ಮಂದಿರ ಇರುವುದೂ ಅಲ್ಲೇ. ಯಾರದೋ ಪಡಸಾಲೆಯಲ್ಲಿ ನವಲಗುಂದದ ಜಮಖಾನ ಬಿಚ್ಚಿ ಹಾಸಿದರೆ ಗೋಡೆಯಿಂದ ಗೋಡೆಗೆ ಎಷ್ಟು ಜನ ಹಿಡಿಯುತ್ತಾರೋ ಅಷ್ಟು ಜನ ಮಲಗಿದರು. ಓದುವ ಹುಡುಗರು ವಾರಾನ್ನದಲ್ಲಿ ಬೆಳೆದರು. ಬೆಂಗಳೂರಿಗೆ ಹೋದವರು ರೈಲಿಳಿದು ಅಲ್ಲಿನ ಗುಬ್ಬಿ ತೋಟದಪ್ಪನವರ ಛತ್ರಕ್ಕೆ ನಡೆದರು. ಇಷ್ಟೂ ಕಾಲ ‘ಡಬಲ್ ಆಕ್ಯುಪೆನ್ಸಿ’ ಎಂಬ ಪದ ಯಾರ ಕಿವಿಗೂ ಬಿದ್ದಿರಲಿಲ್ಲ.

ಈಗ ಲಕ್ಷಣ ವಿಚಾರ. ಕುಟುಂಬ ಎಂದರೇನು? ತಾರ್ಕಿಕರ ಪ್ರಕಾರ ಯಾವ ಲಕ್ಷಣಕ್ಕೂ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ಇರಕೂಡದು. ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ ಎಂಬುದು ನಮ್ಮ ಜನಗಣತಿಯವರು ಹಿಡಿದಿರುವ ದಾರಿ. ಇದನ್ನು ರೆಸಾರ್ಟಿಗೆ ಒಯ್ದರೆ ಬಫೆಯಲ್ಲಿ ತಟ್ಟೆ ಹಿಡಿದು ನಿಂತ ಗುಜರಾತಿ ದಂಪತಿ, ಔಷಧ ಕಂಪನಿಯ ಸೇಲ್ಸ್ ತಂಡ, ಈಜುಕೊಳದಿಂದ ನೇರ ಬಂದ ಹುಡುಗರು ಎಲ್ಲರೂ ನಮ್ಮ ಕುಟುಂಬವೇ ಆಗುತ್ತಾರೆ. ಇದು ಅತಿವ್ಯಾಪ್ತಿ. ಆದಾಯ ತೆರಿಗೆಯಲ್ಲಿ ರಜಾ ಪ್ರಯಾಣದ ವಿನಾಯಿತಿ ಕೊಡುವವರ ಪ್ರಕಾರ ಹೆಂಡತಿ ಅಥವಾ ಗಂಡ, ಮಕ್ಕಳು, ಅವಲಂಬಿತ ತಂದೆತಾಯಿ, ಅವಲಂಬಿತ ಅಣ್ಣತಮ್ಮ ಅಕ್ಕತಂಗಿಯರು ಮಾತ್ರ ಕುಟುಂಬ. ಅದೂ ಪ್ರಯಾಣದ ಟಿಕೆಟ್ಟಿಗೆ ಸಲ್ಲುವ ಮಾತು, ಮಂಚಕ್ಕಲ್ಲ. ಇಲ್ಲಿ ಬೀಗರು ಬಿಟ್ಟುಹೋದರು, ಬೀಗರ ಜೊತೆ ‘ಸುಮ್ಮನೆ’ ಬಂದವರು ಬಿಟ್ಟುಹೋದರು. ಇದು ಅವ್ಯಾಪ್ತಿ. ಇನ್ನು ಹೋಟೆಲಿನವರ ಲಕ್ಷಣ: ಇಬ್ಬರು ವಯಸ್ಕರು ಮತ್ತು ಹನ್ನೆರಡರ ಒಳಗಿನ ಒಂದು ಮಗು. ಇದು ಶುದ್ಧ ಅಸಂಭವ. (ಮಗುವಿನ ವಯಸ್ಸಿನ ಬಗ್ಗೆ ಒಂದು ಉಪಸಿದ್ಧಾಂತ: ರೆಸಾರ್ಟ್ ಹತ್ತಿರವಾದಂತೆ ನಮ್ಮ ಮಕ್ಕಳ ಬೆಳವಣಿಗೆ ನಿಧಾನವಾಗುತ್ತದೆ. ಮೀಸೆ ಚಿಗುರಿದ ಹನ್ನೊಂದರ ಬಾಲಕರು ಬೀದರ್ ಶಾಖೆಯಲ್ಲಿ ಇಬ್ಬರಿದ್ದಾರೆ.)

ಸಿದ್ಧಾಂತ ಇಷ್ಟು: ‘ನೀವು ಬರಲೇಬೇಕು’ ಎಂದು ಫೋನಿನಲ್ಲಿ ಬಾಯಿಮಾತಿಗೆ ಹೇಳಿಸಿಕೊಂಡು ನಿಜವಾಗಿಯೂ ಬಂದವರು ಕುಟುಂಬ. ಈ ಲಕ್ಷಣದಂತೆ ನಮ್ಮ ಸಂಖ್ಯೆ ಹತ್ತೊಂಬತ್ತು. ಧಾರವಾಡದ ಕಡೆಯ ಲೋಕೂರಿನಲ್ಲಿ ನೂರಕ್ಕೂ ಮಿಕ್ಕಿದ ಜನರಿರುವ ಅವಿಭಕ್ತ ಮನೆತನವೊಂದು ಪತ್ರಿಕೆಗಳಲ್ಲಿ ಹೆಸರಾಗಿತ್ತು. ಅದರ ಮುಂದೆ ನಮ್ಮದು ಕಿರುಕುಟುಂಬವೇ ಸರಿ. ಆದರೂ ಹೋಟೆಲಿನ ರಿಜಿಸ್ಟರಿನಲ್ಲಿ ಒಂದು ಪುಟ ಸಾಲುವುದಿಲ್ಲ.

ಕೋಣೆಗೆ ಇಬ್ಬರೇ ಎಂಬ ನಿಯಮದ ಮೂಲ ಎಲ್ಲಿದೆ ಎಂದು ಹುಡುಕಿದೆವು. ಬ್ರಿಟಿಷರ ಕಾಲದ 1867ರ ಸರಾಯಿ ಕಾಯ್ದೆಯಲ್ಲಿ ಸರಾಯಿ, ಅಂದರೆ ಪ್ರಯಾಣಿಕರ ತಂಗುಮನೆ, ನಡೆಸುವವನ ಕರ್ತವ್ಯಗಳನ್ನು ಹೇಳಿದೆ. ಕೋಣೆ, ಜಗಲಿ, ಬಾವಿ ಶುಚಿಯಾಗಿರಬೇಕು. ಕಳ್ಳರು ಹತ್ತಿ ಒಳಗಿಳಿಯಲು ಅನುಕೂಲವಾಗುವ ಮರಗಳನ್ನೂ ಕೊಂಬೆಗಳನ್ನೂ ತೆಗೆಸಬೇಕು. ಕೊಂಬೆಯ ತನಕ ಯೋಚಿಸಿದ ಮಹಾನುಭಾವರು ಕೋಣೆಗೆ ಇಷ್ಟೇ ತಲೆ ಎಂದು ಎಲ್ಲೂ ಬರೆದಂತಿಲ್ಲ. ಇದೇ ಊರಿನಲ್ಲಿ ಕುತುಬ್‌ಶಾಹಿ ಕಾಲದ ಶೇಖ್‌ಪೇಟ್ ಸರಾಯಿಯ ಕಲ್ಲುಕಟ್ಟಡ ಇನ್ನೂ ನಿಂತಿದೆ. ಗೋಲ್ಕೊಂಡಕ್ಕೆ ಬಂದ ವ್ಯಾಪಾರಿಗಳು ಅಲ್ಲಿ ಇಳಿಯುತ್ತಿದ್ದರು, ಪ್ರಾಣಿಗಳ ಸಮೇತ. ಒಂಟೆಗೆ ಎಕ್ಸ್‌ಟ್ರಾ ಬೆಡ್ ಶುಲ್ಕ ಹಾಕಿದರೆಂದು ಯಾವ ಪ್ರವಾಸಿಯೂ ಗೋಳಾಡಿದಂತಿಲ್ಲ. ಈಗಿನ ಕಿಂಗ್ ಸೈಜ್ ಮಂಚ 72 ಇಂಚು ಅಗಲ. ರೈಲಿನ ಬರ್ತಿಗೆ ಎರಡಡಿ ಹಿಡಿದರೆ ಅದು ಮೂವರ ಮಂಚ. ಅಜ್ಜಿಯ ಗಣಿತದಲ್ಲಿ ಮಕ್ಕಳನ್ನು ಅಡ್ಡ ಮಲಗಿಸಿದರೆ ಐವರದು, ಕಾಲ ಬಳಿ ಸಿಗುವ ಜಾಗ ಲಾಭ.

ಹಾಗಾದರೆ ಆ ಮಂಚದ ಮೇಲೆ ಹಕ್ಕು ಯಾರದು? ಇಲ್ಲಿ ನಾವು ವಿಜ್ಞಾನೇಶ್ವರನಿಗೆ ಶರಣು ಹೋಗಬೇಕು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ಮಹಾಪಂಡಿತ ಅವನು. ಕಲ್ಯಾಣವೆಂದರೆ ಇಂದಿನ ಬಸವಕಲ್ಯಾಣ. ಅಮೀರ್‌ಪೇಟ್‌ನಿಂದ ಮುಂಬಯಿ ಹೆದ್ದಾರಿ ಹಿಡಿದು ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅವನ ಮತ. ಬಂಗಾಳದ ಜೀಮೂತವಾಹನನ ದಾಯಭಾಗದ ಪ್ರಕಾರ ತಂದೆ ಹೋದ ಮೇಲಷ್ಟೇ ಮಗನಿಗೆ ಹಕ್ಕು. ಈ ಎರಡು ಪಂಥಗಳನ್ನು ಮಂಚಕ್ಕೆ ಅನ್ವಯಿಸಿದವರು ನಮಗಿಂತ ಹಿಂದೆ ಯಾರೂ ಇಲ್ಲ. ಮಿತಾಕ್ಷರಾ ಪಂಥದಂತೆ ಮಗು ಹುಟ್ಟಿದ ಕ್ಷಣದಿಂದ ಮಂಚದ ನಡುಭಾಗದ ಒಡೆಯ, ಅಪ್ಪ ಅಂಚಿಗೆ. ದಾಯಭಾಗದಂತೆ ಹಿರಿಯರು ಎದ್ದ ಮೇಲೆಯೇ ಕಿರಿಯರಿಗೆ ಮಂಚ. ಹಿರಿಯರು ಏಳುವುದು ಬೆಳಗಿನ ನಾಲ್ಕಕ್ಕೆ, ಕಿರಿಯರು ಮಲಗುವುದೂ ಸರಿಸುಮಾರು ಆಗಲೇ. ಕನ್ನಡ ಮನೆಗಳು ಹಗಲಿನಲ್ಲಿ ಮಿತಾಕ್ಷರಾ, ರಾತ್ರಿ ದಾಯಭಾಗ ಎಂಬುದು ನಮ್ಮ ವೀಕ್ಷಣೆ.

ಅತ್ತೆಯ ವಾದವನ್ನು ಇಲ್ಲಿ ದಾಖಲಿಸದೆ ಮುಂದೆ ಹೋದರೆ ಊಟಕ್ಕೆ ತೊಂದರೆ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲು ಕೊಡುವ ತಿದ್ದುಪಡಿ ಇಡೀ ದೇಶಕ್ಕೆ ಬಂದದ್ದು 2005ರಲ್ಲಾದರೂ, ಆಗಿನ ಆಂಧ್ರಪ್ರದೇಶ ಅದನ್ನು 1986ರಲ್ಲೇ ಮಾಡಿತ್ತು. ಕರ್ನಾಟಕ 1994ರ ತನಕ ಎಳೆಯಿತು. ‘ನಾ ಈಗ ನಿಂತಿರೋದು ಯಾವ ನೆಲದಾಗ?’ ಎಂದು ಕೇಳಿದ ಅತ್ತೆ, ಕಿಟಕಿ ಪಕ್ಕದ, ಎ.ಸಿ. ನೇರ ಬಡಿಯದ ಮಂಚದ ಮೇಲೆ ತಮ್ಮ ವ್ಯಾನಿಟಿ ಬ್ಯಾಗ್ ಇಟ್ಟರು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಕುಂಬಳೆಯ ಚಿಕ್ಕಪ್ಪನದು ಇನ್ನೂ ತೊಡಕಿನ ಪ್ರಕರಣ. ಕೇರಳ ಸರಕಾರ ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯನ್ನೇ ಕಾನೂನಿನಿಂದ ರದ್ದು ಮಾಡಿದೆ. 1976ರ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ. ಆದಕಾರಣ ತಾನು ಕಾನೂನಿನ ಕಣ್ಣಿಗೆ ಅವಿಭಕ್ತನೇ ಅಲ್ಲ, ತನಗೆ ಪ್ರತ್ಯೇಕ ಕೋಣೆ ಸಲ್ಲಬೇಕು ಎಂದು ಅವರು ಪಟ್ಟು ಹಿಡಿದರು. ಗೊರಕೆಯ ಹಿನ್ನೆಲೆಯನ್ನು ಗಮನಿಸಿ ಸಭೆ ಇದನ್ನು ಅವಿರೋಧವಾಗಿ ಅಂಗೀಕರಿಸಿತು.

ಸರಕಾರದ ನಿಲುವು ಏನು ಎಂಬುದೂ ಶಾಸ್ತ್ರದ ಅಂಗ. ಆದಾಯ ತೆರಿಗೆ ಇಲಾಖೆ ಹಿಂದೂ ಅವಿಭಕ್ತ ಕುಟುಂಬವನ್ನು ಒಬ್ಬ ವ್ಯಕ್ತಿಯಂತೆಯೇ ಕಾಣುತ್ತದೆ. ಅದಕ್ಕೆ ಬೇರೆಯೇ ಪ್ಯಾನ್ ಕಾರ್ಡ್ ಉಂಟು, ನಾಲ್ಕನೇ ಅಕ್ಷರ ‘ಎಚ್’. ಹಣ ಗಳಿಸುವಾಗ ಒಂದೇ ಜೀವವಾದ ಈ ಕುಟುಂಬ ಮಲಗುವಾಗ ಯಾಕೆ ಹತ್ತೊಂಬತ್ತಾಗಬೇಕು? ಜಿಎಸ್‌ಟಿಯವರನ್ನು ಕೇಳಿದರೆ ನಗು ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ಲೆಕ್ಕ ಹಾಕಿ. ಎಲ್ಲರೂ ಕೂಡಿ ಇರಬಹುದಾದ ಇಪ್ಪತ್ತು ಸಾವಿರದ ವಿಲ್ಲಾ ಹಿಡಿದರೆ ತೆರಿಗೆ 3,600. ಅದೇ ಹಣಕ್ಕೆ ಐದೈದು ಸಾವಿರದ ನಾಲ್ಕು ಕೋಣೆ ಹಿಡಿದು, ನಾಲ್ಕು ಬಾಗಿಲು ಹಾಕಿಕೊಂಡು, ನಾಲ್ಕು ಟಿ.ವಿ.ಗಳಲ್ಲಿ ಅದೇ ಕ್ರಿಕೆಟ್ ನೋಡಿದರೆ ತೆರಿಗೆ ಬರೀ 1,000. ಅಂದರೆ ಒಂದು ರಾತ್ರಿ ಒಗ್ಗಟ್ಟಾಗಿರಲು 2,600 ರೂಪಾಯಿ ದಂಡ. ಅವಿಭಕ್ತ ಕುಟುಂಬ ಒಡೆಯಲು ಸೊಸೆಯಂದಿರು ಕಾರಣವೆಂದು ತಲೆತಲಾಂತರದಿಂದ ಹೇಳಿಕೊಂಡು ಬಂದವರು ಈ ಕೋಷ್ಟಕವನ್ನು ಒಮ್ಮೆ ನೋಡಬೇಕು.

ಕಾಲಮಾನದ ವಿಚಾರ ಬೇಗ ಮುಗಿಸೋಣ. ಹೋಟೆಲಿನ ದಿನ ಮಧ್ಯಾಹ್ನ ಎರಡಕ್ಕೆ ಹುಟ್ಟಿ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಸಾಯುತ್ತದೆ, ಒಟ್ಟು 21 ಗಂಟೆ. ಇದು ಮೋಸವೆಂದು ಬೆಂಗಳೂರು ಶಾಖೆ ಕೂಗಾಡಿತು. ಪಂಚಾಂಗ ಬಲ್ಲವರು ಕೂಗಾಡುವುದಿಲ್ಲ. ತಿಥಿಯೂ ಒಮ್ಮೆ ಸುಮಾರು ಇಪ್ಪತ್ತು ಗಂಟೆಗೆ ಕುಗ್ಗುತ್ತದೆ, ಒಮ್ಮೆ ಇಪ್ಪತ್ತಾರಕ್ಕೂ ಮೀರಿ ಹಿಗ್ಗುತ್ತದೆ. ಹೋಟೆಲಿನವರು ಸದಾ ಕುಗ್ಗುವ ತಿಥಿಯನ್ನೇ ಹಿಡಿದಿದ್ದಾರೆ, ಅಷ್ಟೆ.

ಆದರೆ ಸ್ನಾನದ ಮನೆಯ ವಿಚಾರ ಬೇಗ ಮುಗಿಯುವಂಥದ್ದಲ್ಲ. ಬಾಗಿಲಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತವರು ಸಾಕ್ಷಿ. ಅಮೀರ್‌ಪೇಟ್‌ನಲ್ಲಿ ನಮಗೆ ದೊರೆತದ್ದು ಸರ್ವಿಸ್ ಅಪಾರ್ಟ್‌ಮೆಂಟ್ ಒಂದರ ಮೂರು ಮಲಗುವ ಕೋಣೆಗಳ ಮನೆ, ಎರಡು ಬಚ್ಚಲು, ಬಚ್ಚಲಿಗೊಂದು 15 ಲೀಟರಿನ ಗೀಸರ್. ಎರಡು ಕಿಲೋವ್ಯಾಟಿನ ಗೀಸರಿಗೆ ಅಷ್ಟು ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 18 ನಿಮಿಷ ಬೇಕು. ತಣ್ಣೀರು ಬೆರೆಸಿದರೆ ಎರಡು ಬಕೆಟ್, ಅಂದರೆ ಒಂದು ತಲೆ. ಒಂದು ಬಚ್ಚಲಿಗೆ ಹತ್ತು ತಲೆ ಎಂದರೆ ಮೂರು ಗಂಟೆ. ಏಳಕ್ಕೆ ಶುರುಮಾಡಿದ ಸ್ನಾನ ಮುಗಿಯುವುದು ಹತ್ತಕ್ಕೆ. ಕೆಳಗೆ ತಿಂಡಿಯ ಬಫೆ ಮುಚ್ಚುವುದೂ ಹತ್ತಕ್ಕೆ. ಜಾನ್ ಲಿಟ್ಲ್ ಎಂಬ ವಿದ್ವಾಂಸ 1961ರಲ್ಲಿ ಸರದಿಸಾಲಿನ ಸೂತ್ರವೊಂದನ್ನು ಸಾಧಿಸಿ ತೋರಿಸಿದ: ಸಾಲಿನ ಉದ್ದವೆಂದರೆ ಬರುವವರ ವೇಗ ಗುಣಿಸು ಕಾಯುವ ಹೊತ್ತು. ಆದರೆ ಆ ಸೂತ್ರದಲ್ಲಿ ಮಡಿ ಎಂಬ ಅಂಶವಿಲ್ಲ. ಅಜ್ಜಿ ಸ್ನಾನ ಮುಗಿಸಿ ಬಾಗಿಲು ತೆರೆದು ಹೊರಬರುವಾಗ ಪಡಸಾಲೆಯ ಎಲ್ಲರೂ ಕಾಲು ಮಡಚಿ ಗೋಡೆಗಂಟಬೇಕು. ಆ ಹೊತ್ತಿಗೆ ಇನ್ನೊಂದು ಬಚ್ಚಲಿನ ಸಾಲೂ ಚದುರುತ್ತದೆ, ಮತ್ತೆ ಯಾರು ಮೊದಲಿದ್ದರೆಂಬ ವಿವಾದ ಏಳುತ್ತದೆ. ಸ್ನಾನ ಮಾಡದೆ ತಿಂಡಿ ತಿನ್ನುವವರು, ತಿಂಡಿ ಬಿಟ್ಟು ಸ್ನಾನ ಮಾಡುವವರು ಎಂದು ಕುಟುಂಬ ಇಬ್ಭಾಗವಾದದ್ದು ಹೀಗೆ. ಮೊದಲಿನ ಪಂಥದಲ್ಲಿ ಜನ ಹೆಚ್ಚು.

ಊರ ಹೊರಗಿನ ರೆಸಾರ್ಟುಗಳನ್ನು ಯಾಕೆ ಬಿಟ್ಟಿರಿ ಎಂಬ ಪೂರ್ವಪಕ್ಷಕ್ಕೆ ಉತ್ತರ: ಬಿಟ್ಟಿಲ್ಲ. ವಿಕಾರಾಬಾದ್ ಬಳಿಯ ಅನಂತಗಿರಿ ಬೆಟ್ಟ ಚೆನ್ನಾಗಿದೆ, ಮೂಸಿ ನದಿ ಹುಟ್ಟುವುದೇ ಅಲ್ಲಿ. ಆದರೆ ಬೀದರ್ ಶಾಖೆ, ಕಲಬುರಗಿ ಶಾಖೆ ಎರಡೂ ರೈಲಿನಲ್ಲಿ ವಿಕಾರಾಬಾದನ್ನು ದಾಟಿಯೇ ಬರುವುದರಿಂದ, ದಾಟಿದ ಊರಿಗೆ ತಿರುಗಿ ಹೋಗುವುದು ಅವರಿಗೆ ಅವಮಾನ. ರಾಮೋಜಿ ಫಿಲ್ಮ್ ಸಿಟಿಯಲ್ಲಿ ಅಗ್ಗದ್ದೂ ಇದೆ, ದುಬಾರಿಯದೂ ಇದೆ. ಆದರೆ ಸಿನಿಮಾ ಸೆಟ್ಟಿನ ಅರಮನೆಗೆ ಹಿಂಭಾಗವಿಲ್ಲ ಎಂದು ತಿಳಿದ ಮೇಲೆ ಅಜ್ಜಿಗೆ ಆ ಜಾಗದ ಗೋಡೆಗಳ ಮೇಲೇ ನಂಬಿಕೆ ಹೋಯಿತು. ಇನ್ನು ಫಲಕ್‌ನುಮಾ. 2010ರಿಂದ ಹೋಟೆಲಾಗಿರುವ ಆ ಅರಮನೆಯ ಊಟದ ಮೇಜಿಗೆ 101 ಜನ ಕೂಡಬಹುದು. ನಮ್ಮ ಹತ್ತೊಂಬತ್ತು ಜನ ಕೂತರೂ ಎಂಬತ್ತೆರಡು ಕುರ್ಚಿ ಖಾಲಿ. ಆ ಒಂದು ಮೇಜನ್ನು ನೋಡಿದರೆ ನಿಜಾಮರ ಕಾಲದವರಿಗೆ ಸಂಸಾರ ಎಂದರೇನೆಂದು ಗೊತ್ತಿತ್ತು ಎನಿಸುತ್ತದೆ. ದರಪಟ್ಟಿ ನೋಡಿದ ಮೇಲೆ ಮೇಜನ್ನಷ್ಟೇ ಬಾಡಿಗೆಗೆ ಕೊಡುತ್ತಾರೆಯೇ ಎಂದು ದೊಡ್ಡಪ್ಪ ವಿಚಾರಿಸಿದರು.

ಈಗ ಗ್ರಂಥದ ತಿರುಳು. ಅಮೀರ್‌ಪೇಟ್‌ನಲ್ಲಿ ತಲೆಯೆತ್ತಿದ ಕಡೆ ಹಾಸ್ಟೆಲ್ ಬೋರ್ಡು. ಕಂಬಕ್ಕೆ ಅಂಟಿಸಿದ ಚೀಟಿ, ಬಾಲ್ಕನಿಗೆ ಕಟ್ಟಿದ ಫ್ಲೆಕ್ಸು, ಕೈಗೆ ತುರುಕುವ ಕರಪತ್ರ. ‘ಲಗ್ಜುರಿ’, ‘ಡಿಲಕ್ಸ್’, ‘ಎಕ್ಸಿಕ್ಯೂಟಿವ್’; ಟು ಶೇರಿಂಗ್, ತ್ರೀ ಶೇರಿಂಗ್, ಫೋರ್, ಫೈವ್. ನಮ್ಮ ಹುಡುಗನ ಕೋಣೆ ಹೊಕ್ಕು ನೋಡಿದೆವು. ಐದು ಮಂಚ, ಮಂಚಗಳ ನಡುವೆ ಒಂದು ಕಾಲಿಡುವಷ್ಟು ಹಾದಿ, ಕಿಟಕಿಯ ಸರಳಿಗೆ ಒಣಹಾಕಿದ ಬನಿಯನ್ನುಗಳು, ಸ್ವಿಚ್ ಬೋರ್ಡಿಗೆ ಜೋತುಬಿದ್ದ ಐದು ಚಾರ್ಜರ್. ಒಬ್ಬ ಕರ್ನೂಲಿನವನು, ಒಬ್ಬ ಖಮ್ಮಂನವನು, ಒಬ್ಬ ಒಡಿಶಾದವನು. ಯಾರಿಗೂ ಯಾರ ಮೇಲೂ ದೂರಿಲ್ಲ. ಸಾವಿರಾರು ಅಪರಿಚಿತರನ್ನು ಒಂದೊಂದು ಕೋಣೆಗೆ ಐದರಂತೆ ಮಲಗಿಸಿ, ಸಾಂಬಾರು ಉಣಿಸಿ, ಬೆಳಿಗ್ಗೆ ಕ್ಲಾಸಿಗೆ ಕಳಿಸುವ ಈ ಪೇಟೆಯಲ್ಲಿ ಒಂದೇ ರಕ್ತದ ಹತ್ತೊಂಬತ್ತು ಜನಕ್ಕೆ ಜಾಗವಿಲ್ಲ ಎಂದರೆ ದೋಷ ಕಟ್ಟಡದ್ದಲ್ಲ.

ದೋಷ ರಕ್ತದ್ದು. ಅಪರಿಚಿತನಿಗೆ ಬೇಕಾದ್ದು ಮಲಗುವಷ್ಟು ಜಾಗ. ನೆಂಟನಿಗೆ ಮಲಗುವ ಜಾಗದ ಜೊತೆಗೆ ಮುನಿಸಿಕೊಂಡು ಹೋಗಿ ಕೂರುವ ಜಾಗವೂ ಬೇಕು. ಒಂದು ಬಾಲ್ಕನಿ, ಒಂದು ಮೆಟ್ಟಿಲು, ಕೊನೆಗೆ ಲಿಫ್ಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿ. ಯಾರಾದರೂ ಬಂದು ‘ಏಳ್ರಿ, ಉಣ್ಣಾಕ ಬರ್ರಿ’ ಎಂದು ಕರೆಯುವಷ್ಟು ದೂರ, ಆದರೆ ಕರೆಯದಿದ್ದರೆ ಗೊತ್ತಾಗುವಷ್ಟು ಹತ್ತಿರ. ಇದನ್ನು ನಾವು ಮುನಿಸಿನ ಮೂಲೆ ಎಂದು ಕರೆದಿದ್ದೇವೆ. ರೆಸಾರ್ಟಿನ ಜಾಹೀರಾತುಗಳು ಚದರಡಿ ಹೇಳುತ್ತವೆ, ಈಜುಕೊಳದ ಆಳ ಹೇಳುತ್ತವೆ, ಮುನಿಸಿನ ಮೂಲೆ ಎಷ್ಟೆಂದು ಹೇಳುವುದಿಲ್ಲ. ಹತ್ತೊಂಬತ್ತು ಜನರ ಕುಟುಂಬಕ್ಕೆ ಆರು ಮೂಲೆ ಕನಿಷ್ಠ. ಬೀಗರು ಜೊತೆಗಿದ್ದರೆ ಎಂಟು. ನಮ್ಮ ಸರ್ವಿಸ್ ಅಪಾರ್ಟ್‌ಮೆಂಟಿನಲ್ಲಿ ಇದ್ದದ್ದು ಒಂದೇ ಬಾಲ್ಕನಿ. ಅಲ್ಲಿ ಬೀದರಿನ ಕಾಕು ಮುನಿಸಿಕೊಂಡು ಕೂತಿದ್ದಾಗ ಬೆಂಗಳೂರಿನ ಸೊಸೆಯೂ ಮುನಿಸಿಕೊಂಡು ಬಂದು, ಬೇರೆ ಜಾಗವಿಲ್ಲದೆ ಪಕ್ಕದಲ್ಲೇ ಕೂತು, ಇಬ್ಬರೂ ಮಾತಿಗೆ ಬಿದ್ದು ಮೂರನೆಯವರೊಬ್ಬರ ವಿರುದ್ಧ ಒಂದಾದರು. ಜಾಗದ ಅಭಾವದಿಂದ ರಾಜಕೀಯ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಷ್ಟು ತಿಳಿದ ಮೇಲೆ ಪರಿಹಾರ ಕಣ್ಣೆದುರೇ ಇತ್ತು. ದಸರೆ, ಸಂಕ್ರಾಂತಿ ಬಂದರೆ ಈ ಹಾಸ್ಟೆಲುಗಳ ಹುಡುಗ ಹುಡುಗಿಯರು ಬ್ಯಾಗು ಹೊತ್ತು ಊರು ಸೇರುತ್ತಾರೆ. ಸಂಕ್ರಾಂತಿಯ ಹಿಂದಿನ ದಿನ ವಿಜಯವಾಡ ಹೆದ್ದಾರಿಯ ಟೋಲ್ ಗೇಟಿನಲ್ಲಿ ನಿಂತ ಕಾರುಗಳ ಸಾಲು ಪ್ರತಿ ವರ್ಷದ ಸುದ್ದಿ. ಆ ದಿನಗಳಲ್ಲಿ ಅಮೀರ್‌ಪೇಟ್‌ನಲ್ಲಿ ಮಹಡಿ ಮಹಡಿಯೇ ಖಾಲಿ: ಸಾಲು ಮಂಚ, ಮಹಡಿಗೆ ನಾಲ್ಕಾರು ಬಚ್ಚಲು, ಅಡುಗೆಯವನು, ದೊಡ್ಡ ಪಾತ್ರೆ, ಬಟ್ಟೆ ಒಣಹಾಕಲು ಮತ್ತು ಮುನಿಸಿಕೊಳ್ಳಲು ಇಡೀ ತಾರಸಿ. ಹುರುಪಿನಿಂದ ಒಂದು ಹಾಸ್ಟೆಲಿಗೆ ಹೋಗಿ ಕೇಳಿದೆವು. ಮಾಲೀಕರು ಹತ್ತೊಂಬತ್ತು ಜನರನ್ನೂ ಮೇಲಿಂದ ಕೆಳಗೆ ನೋಡಿ, ‘ಫ್ಯಾಮಿಲೀಸ್‌ಕಿ ಇವ್ವಂ ಸಾರ್’, ಸಂಸಾರಸ್ಥರಿಗೆ ಕೊಡುವುದಿಲ್ಲ, ಎಂದರು. ಅದು ಮೆನ್ಸ್ ಹಾಸ್ಟೆಲ್, ಹೆಂಗಸರಿಗೆ ಪ್ರವೇಶವಿಲ್ಲ. ಎದುರಿನದು ಲೇಡೀಸ್ ಹಾಸ್ಟೆಲ್, ಗಂಡಸರಿಗೆ ಪ್ರವೇಶವಿಲ್ಲ. ಅಜ್ಜ ಅಜ್ಜಿ ರಸ್ತೆಯ ಈ ಬದಿ ಒಬ್ಬರು ಆ ಬದಿ ಒಬ್ಬರು ಇರಬಹುದಾದರೆ ಮಾತ್ರ ನಾವು ಸಲ್ಲುತ್ತಿದ್ದೆವು. ಅಜ್ಜ ಈ ಏರ್ಪಾಡಿನ ಬಗ್ಗೆ ಸ್ವಲ್ಪ ಹೆಚ್ಚೇ ಆಸಕ್ತಿ ತೋರಿದರು ಎಂಬುದನ್ನು ವಸ್ತುನಿಷ್ಠತೆಯ ಸಲುವಾಗಿ ದಾಖಲಿಸುತ್ತಿದ್ದೇವೆ.

ಆದ್ದರಿಂದ ಅಮೀರ್‌ಪೇಟ್‌ನ ಸಮಸ್ತ ಹಾಸ್ಟೆಲ್ ಮಾಲೀಕರಲ್ಲಿ ವಿನಂತಿ. ದಸರೆಯ ಎರಡು ವಾರ, ಸಂಕ್ರಾಂತಿಯ ಒಂದು ವಾರ ನಿಮ್ಮ ಬೋರ್ಡಿನ ‘ಮೆನ್ಸ್’, ‘ಲೇಡೀಸ್’ ಎಂಬ ಭಾಗದ ಮೇಲೆ ಒಂದು ಕಾಗದ ಅಂಟಿಸಿ. ಗೀಸರ್ 25 ಲೀಟರಿನದು ಹಾಕಿಸಿ. ತಾರಸಿಯ ಬೀಗ ತೆಗೆದಿಡಿ, ಅಲ್ಲಿ ಎಂಟು ಕುರ್ಚಿಗಳನ್ನು ಒಂದಕ್ಕೊಂದು ಬೆನ್ನು ಮಾಡಿ ಇರಿಸಿ. ಮುಂಗಡವನ್ನು ದೊಡ್ಡಪ್ಪ ಇವತ್ತೇ ಫೋನ್‌ಪೇ ಮಾಡಲು ಸಿದ್ಧರಿದ್ದಾರೆ. ಬಿಲ್ಲು ಮಾತ್ರ ಕೋಣೆಗೊಂದರಂತೆ ಬೇರೆ ಬೇರೆ ಇರಲಿ, ಯಾವುದೂ ಏಳೂವರೆ ಸಾವಿರ ದಾಟದ ಹಾಗೆ ನೋಡಿಕೊಳ್ಳಿ.